ಸಂದು ತುಂಬಲು ಯಾವ ಪುಟ್ಟಿ? ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರಿಗೆ ಒಂದು ಹೋಲಿಕೆ

1/48 ಅಳತೆಯ ಒಂದು ಯುದ್ಧವಿಮಾನ. ಒಡಲಿನ ಎರಡು ಹೋಳು ಅಂಟಿಸಿ, ಬೆನ್ನಿನ ಉದ್ದಕ್ಕೂ ಇದ್ದ ಸಂದಿಗೆ ಟ್ಯೂಬಿನ ಪುಟ್ಟಿ ತುಂಬಿ, ಮಾರನೇ ದಿನ ಬೆಳಿಗ್ಗೆ ಉಜ್ಜಿದ್ದೆ. ಬೆರಳಾಡಿಸಿದರೆ ಏನೂ ತಗುಲುತ್ತಿರಲಿಲ್ಲ. ಪ್ರೈಮರ್ ಹೊಡೆದಾಗಲೂ ಏನೂ ಕಾಣಲಿಲ್ಲ. ಅದರ ಮೇಲೆ ಬೆಳ್ಳಿ ಬಣ್ಣ, ಡೆಕಾಲ್, ವಾರ್ನಿಶ್ ಎಲ್ಲ ಮುಗಿದು ಮಾಡೆಲ್ ಶೆಲ್ಫ್ ಸೇರಿತು. ಮೂರು ವಾರ ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಕಾಕ್‌ಪಿಟ್ ಹಿಂದಿನಿಂದ ಬಾಲದವರೆಗೆ ಕೂದಲೆಳೆಯಷ್ಟು ಸಣ್ಣ ತಗ್ಗು. ಮುಚ್ಚಿದ್ದ ಸಂದು ವಾಪಸ್ ಬಂದಿತ್ತು.

ಪುಟ್ಟಿ ಕೆಟ್ಟದ್ದೇನೂ ಆಗಿರಲಿಲ್ಲ. ಆ ಕೆಲಸಕ್ಕೆ ಅದು ಸರಿಯಾದ ಪುಟ್ಟಿ ಆಗಿರಲಿಲ್ಲ, ಅಷ್ಟೇ. ಅಂದಿನಿಂದ ನಾನು ಆರಿಸುವ ರೀತಿ ಬದಲಾಯಿತು. ಸಂದು ಎಷ್ಟು ಅಗಲ ಇದೆ ಎಂದು ನೋಡುವುದು ಆಮೇಲೆ. ಮೊದಲು ಕೇಳಿಕೊಳ್ಳುವುದು ಇಷ್ಟು: ಇದು ಒಣಗಿದ ಮೇಲೆ ಆ ಜಾಗದಲ್ಲಿ ನಾನು ಏನು ಮಾಡಬೇಕು? ಉಜ್ಜಬೇಕಾ? ಪ್ಯಾನೆಲ್ ಗೆರೆ, ಅಂದರೆ ವಿಮಾನದ ಮೈಯ ತಗಡುಗಳು ಸೇರುವ ಕಡೆಯ ಗೆರೆ, ಮತ್ತೆ ಕೊರೆಯಬೇಕಾ? ಉಜ್ಜಲು ಸ್ಯಾಂಡ್‌ಪೇಪರ್ ಹೋಗದ ಮೂಲೆಯಾ? ಮೇಲೆ ಬರುವುದು ಬೆಳ್ಳಿ ಬಣ್ಣವಾ, ಮಾಸಲು ಹಸಿರಾ? ಇದಕ್ಕೆ ಉತ್ತರ ಸಿಕ್ಕರೆ ಪುಟ್ಟಿ ತಾನಾಗಿ ಗೊತ್ತಾಗುತ್ತದೆ.

ಪುಟ್ಟಿ ಬೇಕೇ ಬೇಕಾ?

ಎಷ್ಟೋ ಸಲ ಬೇಡ. ಕಿಟ್‌ನ ಭಾಗಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್. ನಾವು ಹಾಕುವ ತೆಳು ಸಿಮೆಂಟ್ (ಮಾಡೆಲ್ ಅಂಟು) ಅದನ್ನು ಕರಗಿಸಿ ಬೆಸೆಯುತ್ತದೆ. ಎರಡೂ ಅಂಚಿಗೆ ಧಾರಾಳವಾಗಿ ಸಿಮೆಂಟ್ ಸವರಿ, ಅರೆ ನಿಮಿಷ ಬಿಟ್ಟು ಗಟ್ಟಿಯಾಗಿ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಸಂದಿನಿಂದ ಸಣ್ಣ ಏಣಾಗಿ ಮೇಲೆ ಉಕ್ಕುತ್ತದೆ. ಅದನ್ನು ಎರಡು ದಿನ ಮುಟ್ಟದೆ ಬಿಡಿ, ಆಮೇಲೆ ಕೆರೆದು ಉಜ್ಜಿ. ಅಲ್ಲಿ ತುಂಬಿರುವುದು ಕಿಟ್‌ನದ್ದೇ ಪ್ಲಾಸ್ಟಿಕ್. ಇದಕ್ಕಿಂತ ಒಳ್ಳೆಯ ಫಿಲ್ಲರ್ ಇಲ್ಲ.

ಅಂಟಿಸುವ ಮೊದಲು ಒಣದಾಗಿ ಜೋಡಿಸಿ ನೋಡುವುದನ್ನು ಮಾತ್ರ ಬಿಡಬೇಡಿ. ರೆಕ್ಕೆಯ ಬುಡದಲ್ಲಿ ಸಂದು ಬಿಡುತ್ತಿದ್ದರೆ, ಬಹಳ ಸಲ ಒಳಗಡೆ ಉಳಿದ ಒಂದು ಚೂರು ಸ್ಪ್ರೂ (ಭಾಗಗಳನ್ನು ಹಿಡಿದಿರುವ ಕಡ್ಡಿಚೌಕಟ್ಟು) ಗುಬಟೋ, ಕಾಕ್‌ಪಿಟ್‌ನ ನೆಲದ ಅಂಚೋ ತಡೆಯುತ್ತಿರುತ್ತದೆ. ಅದನ್ನು ಕೆರೆದರೆ ಮುಗಿಯಿತು.

ಸಂದು ಒಂದು ಮಿಲಿಮೀಟರ್ ಹತ್ತಿರ ಇದ್ದರೆ ಅದಕ್ಕೂ ಪುಟ್ಟಿ ಸುರಿಯಬೇಡಿ. 0.25 ಮಿ.ಮೀ., 0.5 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆ ಸಿಗುತ್ತದೆ. ಒಂದು ಪಟ್ಟಿ ಕತ್ತರಿಸಿ ಸಂದಿಗೆ ಬೆಣೆಯ ಹಾಗೆ ಸೇರಿಸಿ, ತೆಳು ಸಿಮೆಂಟ್ ಬಿಡಿ, ಒಣಗಿದ ಮೇಲೆ ಹೆಚ್ಚಿದ್ದನ್ನು ಕತ್ತರಿಸಿ. ಉಳಿಯುವ ಸಣ್ಣ ಗೆರೆಗೆ ಮಾತ್ರ ಪುಟ್ಟಿ ಸಾಕು.

ಇನ್ನೊಂದು ಮಾತು. ನಿಜವಾದ ವಿಮಾನದಲ್ಲೂ ಜೋಡಣೆ ಗೆರೆಗಳಿರುತ್ತವೆ. ಕಿಟ್‌ನ ಜೋಡಣೆ ಒಂದು ಪ್ಯಾನೆಲ್ ಗೆರೆಯ ಮೇಲೇ ಬಂದಿದ್ದರೆ ಅದನ್ನು ಮುಚ್ಚಬಾರದು. ಅಸಲಿ ಫೋಟೊ ಒಂದನ್ನು ಪಕ್ಕದಲ್ಲಿಟ್ಟುಕೊಂಡೇ ಕೂರಿ. ಹಾಗೆಂದು ಸಣ್ಣ ಸಂದನ್ನು ಕಡೆಗಣಿಸುವಂತೆಯೂ ಇಲ್ಲ. 0.2 ಮಿ.ಮೀ. ಸಂದು 1/72 ಅಳತೆಯಲ್ಲಿ 14 ಮಿ.ಮೀ.ಗೂ ಜಾಸ್ತಿ. ಅಷ್ಟು ಅಗಲದ ಬಿರುಕು ಬಿಟ್ಟುಕೊಂಡು ಯಾವ ವಿಮಾನವೂ ಹಾರುವುದಿಲ್ಲ ಅಲ್ವಾ.

ಟ್ಯೂಬಿನ ಥಿನ್ನರ್ ಪುಟ್ಟಿ

ಹೆಚ್ಚಿನವರ ಕೈಗೆ ಮೊದಲು ಬರುವುದು ಇದೇ. ತಮಿಯಾದ ಬೂದು ಬಣ್ಣದ ಬೇಸಿಕ್ ಪುಟ್ಟಿ, ಅವರದೇ ವೈಟ್ ಪುಟ್ಟಿ, ಮಿಸ್ಟರ್ ಹಾಬಿಯ ಮಿಸ್ಟರ್ ವೈಟ್ ಪುಟ್ಟಿ, ರೆವೆಲ್‌ನ ಪ್ಲಾಸ್ಟೋ, ಎಲ್ಲ ಇದೇ ಜಾತಿ. ನುಣ್ಣನೆಯ ಪುಡಿ, ಅದನ್ನು ಹಿಡಿದಿಡುವ ಅಂಟು, ಎರಡನ್ನೂ ಮೆತ್ತಗೆ ಇಟ್ಟಿರುವ ಥಿನ್ನರ್. ಗಾಳಿಗೆ ಬಿದ್ದ ಕೂಡಲೇ ಥಿನ್ನರ್ ಹಾರುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ.

ಇದರ ಗುಣವೂ ದೋಷವೂ ಆ ಥಿನ್ನರಿನಲ್ಲೇ ಇವೆ. ಅದು ಪ್ಲಾಸ್ಟಿಕ್‌ನ ಮೇಲ್ಪದರವನ್ನು ಸ್ವಲ್ಪ ಕರಗಿಸುವುದರಿಂದ ಪುಟ್ಟಿ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಅಂಚು ಎದ್ದು ಬರುವುದಿಲ್ಲ, ತೆಳ್ಳಗೆ ಉಜ್ಜಿದರೂ ಸಿಪ್ಪೆ ಏಳುವುದಿಲ್ಲ. ಆದರೆ ಹಾರಿಹೋದ ಥಿನ್ನರಿನಷ್ಟು ಜಾಗ ಖಾಲಿಯಾಗುತ್ತದೆ, ಪುಟ್ಟಿ ಕುಗ್ಗುತ್ತದೆ. ಮೇಲ್ಮೈ ಒಂದೆರಡು ಗಂಟೆಗೆ ಒಣಗಿದಂತೆ ಕಂಡರೂ ಆಳದಲ್ಲಿ ಥಿನ್ನರ್ ಉಳಿದಿರುತ್ತದೆ. ಅದು ದಿನಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ನನ್ನ ಬೆಳ್ಳಿ ವಿಮಾನದಲ್ಲಿ ಆದದ್ದು ಇದೇ. ದಪ್ಪಗೆ ಒಂದೇ ಸಲ ತುಂಬಿ, ಒಂದೇ ರಾತ್ರಿ ಕಾದು ಉಜ್ಜಿದ್ದೆ. ಉಜ್ಜುವಾಗ ಸಮವಾಗಿಯೇ ಇತ್ತು, ಆಮೇಲೆ ಕುಗ್ಗಿತು.

ಹಾಗಾಗಿ ಇದನ್ನು ತೆಳ್ಳಗೆ, ಎರಡು ಮೂರು ಸಲ ಹಚ್ಚಬೇಕು. ಸಂದಿನ ಎರಡೂ ಬದಿಗೆ ಒಂದು ಮಿಲಿಮೀಟರ್ ಬಿಟ್ಟು ಮಾಸ್ಕಿಂಗ್ ಟೇಪ್ ಅಂಟಿಸಿ. ಟ್ಯೂಬಿನಿಂದ ಸಾಸಿವೆ ಕಾಳಿನಷ್ಟು ಪುಟ್ಟಿ ಒಂದು ಪ್ಲಾಸ್ಟಿಕ್ ಚೂರಿನ ಮೇಲೆ ತೆಗೆದುಕೊಳ್ಳಿ. ಟೂತ್‌ಪಿಕ್ಕಿನ ತುದಿಯಿಂದ ಸಂದಿನೊಳಕ್ಕೆ ಒತ್ತುತ್ತಾ ಎಳೆಯಿರಿ. ಮೇಲೆ ಸವರಿದರೆ ಸಾಲದು, ಒಳಗೆ ಸಿಕ್ಕಿಬಿದ್ದ ಗಾಳಿ ಆಮೇಲೆ ಗುಳಿಯಾಗಿ ಕಾಣಿಸುತ್ತದೆ. ಪುಟ್ಟಿ ಹಸಿಯಿರುವಾಗಲೇ ಟೇಪ್ ಕಿತ್ತುಬಿಡಿ. ಒಣಗಿದ ಮೇಲೆ ಕಿತ್ತರೆ ಅಂಚೂ ಜೊತೆಗೆ ಬರುತ್ತದೆ. ಪದರದಿಂದ ಪದರಕ್ಕೆ ಕೆಲವು ಗಂಟೆ, ಕೊನೆಯ ಪದರದ ಮೇಲೆ ಕನಿಷ್ಠ ಒಂದು ದಿನ. ಜಾಗ ಆಳವಾಗಿದ್ದರೆ ನಾನು ಮೂರು ದಿನ ಬಿಡುತ್ತೇನೆ.

ಇದು ಸೋಲುವ ಜಾಗ ಇನ್ನೊಂದಿದೆ. ಒಣಗಿದ ಪುಟ್ಟಿಯಲ್ಲಿ ಪ್ಯಾನೆಲ್ ಗೆರೆ ಕೊರೆದರೆ ಅಂಚು ಪುಡಿಪುಡಿಯಾಗಿ ಉದುರುತ್ತದೆ. ಸೂಜಿ ಪ್ಲಾಸ್ಟಿಕ್ ಮೇಲೆ ನೇರವಾಗಿ ಬಂದು, ಪುಟ್ಟಿ ಸಿಕ್ಕ ಕೂಡಲೇ ಒಳಕ್ಕೆ ಇಳಿದು ಗೆರೆ ಅಗಲವಾಗಿಬಿಡುತ್ತದೆ. ಗೆರೆ ಕೊರೆಯುವ ಜಾಗಕ್ಕೆ ಟ್ಯೂಬ್ ಪುಟ್ಟಿ ಬೇಡ.

ಬ್ರಷ್ಷಿನಲ್ಲಿ ಹಚ್ಚುವ ಸರ್ಫೇಸರ್

ಬಣ್ಣದ ಹಾಗೆ ತೆಳುವಾಗಿ ಬಾಟಲಿಯಲ್ಲಿ ಬರುವ ಪುಟ್ಟಿ ಇದು: ಮಿಸ್ಟರ್ ಸರ್ಫೇಸರ್ 500, 1000, 1200, 1500. ಸ್ಯಾಂಡ್‌ಪೇಪರಿನ ಹಾಗೆಯೇ ಅಂಕೆ ಚಿಕ್ಕದಾದಷ್ಟೂ ಒರಟು, ಹೆಚ್ಚಿದಷ್ಟೂ ನುಣುಪು. ಸಂದು ತುಂಬಲು 500 ಬೇಕು. 1000 ಗೀರು ಮುಚ್ಚುವುದಕ್ಕೆ. ಅದರ ಮೇಲಿನವು ಪ್ರೈಮರ್ ಆಗಿ ಸ್ಪ್ರೇ ಮಾಡುವುದಕ್ಕೆ.

ಕೂದಲೆಳೆಯಂಥ ಸಂದಿಗೆ ಇದಕ್ಕೆ ಸಮ ಯಾವುದೂ ಇಲ್ಲ ಎನ್ನುವುದು ನನ್ನ ಅನುಭವ. ಹಳೆಯ ಬ್ರಷ್ಷಿನಲ್ಲಿ ಸಂದಿನ ಉದ್ದಕ್ಕೂ ಎಳೆದರೆ ತಾನಾಗಿ ಒಳಗೆ ಇಳಿಯುತ್ತದೆ. ಇದೂ ಕುಗ್ಗುತ್ತದೆ, ಎರಡು ಮೂರು ಸಲ ಹಚ್ಚಬೇಕು. ಆದರೆ ಇದರ ದೊಡ್ಡ ಉಪಕಾರ ಬೇರೆ. ಮೇಲ್ಪದರ ಒಣಗಿದ ಮೇಲೆ, ಹತ್ತಿಯ ಇಯರ್ ಬಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಹಿಂಡಿ, ಸಂದಿಗೆ ಅಡ್ಡಲಾಗಿ ಉಜ್ಜಿದರೆ ಹೆಚ್ಚಿದ್ದು ಮಾತ್ರ ಎದ್ದು ಬರುತ್ತದೆ. ಸಂದಿನೊಳಗಿನದ್ದು ಅಲ್ಲೇ ಉಳಿಯುತ್ತದೆ. ಆಲ್ಕೋಹಾಲ್ ಪ್ಲಾಸ್ಟಿಕ್ಕನ್ನು ಕರಗಿಸುವುದಿಲ್ಲ. ಸುತ್ತಲಿನ ರಿವೆಟ್ ಚುಕ್ಕೆಗಳು ಒಂದೂ ಮಾಸುವುದಿಲ್ಲ. ಇದೇ ಕೆಲಸಕ್ಕೆ ಅಸಿಟೋನ್ ತೆಗೆದುಕೊಳ್ಳಬೇಡಿ, ಉಗುರುಬಣ್ಣ ತೆಗೆಯುವ ದ್ರವದಲ್ಲೂ ಅದೇ ಇರಬಹುದು. ಅದು ಪಾಲಿಸ್ಟೈರೀನನ್ನು ನೇರವಾಗಿ ಕರಗಿಸುತ್ತದೆ.

ಟ್ಯಾಂಕ್ ಕಟ್ಟುವವರಿಗೆ 500ರ ಇನ್ನೊಂದು ಉಪಯೋಗ ಇದೆ. ಎರಕ ಹೊಯ್ದ ಗೋಪುರಕ್ಕೆ (ತೋಪು ಕೂರುವ, ತಿರುಗುವ ಮೇಲ್ಭಾಗ) ದಪ್ಪಗೆ ಬಳಿದು, ಒಣಗುವ ಮೊದಲು ಗಡಸು ಬ್ರಷ್ಷಿನ ತುದಿಯಿಂದ ಕುಟ್ಟುತ್ತಾ ಹೋದರೆ ಎರಕದ ಆ ಒರಟು ಮೈ ಬರುತ್ತದೆ. ಟಿ-34, ಶೆರ್ಮನ್‌ನಂಥ ಟ್ಯಾಂಕುಗಳ ಗೋಪುರ ಇದಾದ ಮೇಲೆ ಪ್ಲಾಸ್ಟಿಕ್ ಎನ್ನಿಸುವುದಿಲ್ಲ.

ನೀರಿನ ಪುಟ್ಟಿ

ವ್ಯಾಲೆಹೋ ಪ್ಲಾಸ್ಟಿಕ್ ಪುಟ್ಟಿ, ಡಿಲಕ್ಸ್ ಮೆಟೀರಿಯಲ್ಸ್‌ನ ಪರ್ಫೆಕ್ಟ್ ಪ್ಲಾಸ್ಟಿಕ್ ಪುಟ್ಟಿ ಈ ಗುಂಪಿನವು. ವಾಸನೆ ಇಲ್ಲ, ನೀರಿನಲ್ಲಿ ತೊಳೆದುಹೋಗುತ್ತದೆ. ಹೊಸದಾಗಿ ಶುರು ಮಾಡುವವರು ಇದನ್ನೇ ಎಲ್ಲ ಕಡೆಗೂ ಬಳಸಲು ಹೋಗಿ ಬೇಸರಪಡುವುದನ್ನು ಕಂಡಿದ್ದೇನೆ. ಇದು ಪ್ಲಾಸ್ಟಿಕ್ಕಿಗೆ ಕಚ್ಚುವುದಿಲ್ಲ, ಸುಮ್ನೆ ಕೂತಿರುತ್ತದೆ. ಜೋರಾಗಿ ಉಜ್ಜಿದರೆ ಸಣ್ಣ ಚೂರಾಗಿ ಎದ್ದು ಬರುತ್ತದೆ. ಗೆರೆ ಕೊರೆಯುವ ಮಾತೇ ಇಲ್ಲ.

ಆದರೆ ರೆಕ್ಕೆಯ ಬುಡಕ್ಕೆ ನಾನು ಬೇರೆ ಏನನ್ನೂ ಬಳಸುವುದಿಲ್ಲ. ಯಾಕೆ ಎಂದರೆ, ಆ ಮೂಲೆಗೆ ಸ್ಯಾಂಡ್‌ಪೇಪರ್ ಹೋಗುವುದಿಲ್ಲ. ಹೋದರೂ ಪಕ್ಕದ ವಿವರಗಳನ್ನೆಲ್ಲ ಅಳಿಸಿ ಬರುತ್ತದೆ. ನೀರಿನ ಪುಟ್ಟಿಯಾದರೆ ಉಜ್ಜುವ ಕೆಲಸವೇ ಇಲ್ಲ. ಸೂಜಿಮೂತಿಯ ಟ್ಯೂಬಿನಿಂದ ಬುಡದ ಉದ್ದಕ್ಕೂ ಒಂದು ಎಳೆ ಬಿಡುತ್ತೇನೆ. ಒಂದು ಇಯರ್ ಬಡ್ಡಿನ ತುದಿಯನ್ನು ನೀರಲ್ಲಿ ಅದ್ದಿ, ಬೆರಳಲ್ಲಿ ಹಿಂಡುತ್ತೇನೆ. ತೇವ ಇರಬೇಕು, ನೀರು ತೊಟ್ಟಿಕ್ಕಬಾರದು. ಅದನ್ನು ಬುಡದ ಮುಂದಿನಿಂದ ಹಿಂದಕ್ಕೆ ಒಂದೇ ಎಳೆತಕ್ಕೆ ಎಳೆಯುತ್ತೇನೆ, ಎಳೆಯುತ್ತಲೇ ನಿಧಾನವಾಗಿ ತಿರುಗಿಸುತ್ತೇನೆ. ಹತ್ತಿಯ ಒಂದು ಮಗ್ಗುಲಿಗೆ ಪುಟ್ಟಿ ಮೆತ್ತಿಕೊಂಡರೆ ಶುಭ್ರವಾದ ಮಗ್ಗುಲು ಮುಂದೆ ಬರುತ್ತದೆ. ಒಂದು ಎಳೆತಕ್ಕೆ ಒಂದು ಬಡ್. ಅದೇ ಕೊಳೆಯಾದ ತುದಿಯಿಂದ ಎರಡನೇ ಸಲ ಎಳೆದರೆ ಒರೆಸಿದ್ದನ್ನೇ ಮತ್ತೆ ಸವರಿದ ಹಾಗೆ. ಮೂರನೇ ಬಡ್ ಹೊತ್ತಿಗೆ ರೆಕ್ಕೆ ಮತ್ತು ಒಡಲಿನ ನಡುವೆ ಬಿಳಿಯ ಸಣ್ಣ ದಾರದಂಥ ಗೆರೆ ಮಾತ್ರ ಉಳಿದಿರುತ್ತದೆ. ಅಷ್ಟೇ ಬೇಕಾದದ್ದು.

ಒಣಗಿದಾಗ ಸ್ವಲ್ಪ ಒಳಗೆ ಇಳಿದಿದ್ದರೆ ಇನ್ನೊಂದು ಸಲ ಇದನ್ನೇ ಮಾಡಿ. ಅದರ ಮೇಲೆ ಪ್ರೈಮರ್ ಬೀಳುವ ತನಕ ನೀರು ತಾಗಿಸಿ ಉಜ್ಜಬೇಡಿ, ಕೊಚ್ಚಿಕೊಂಡು ಹೋಗಬಹುದು.

ಪಾರದರ್ಶಕ ಭಾಗಗಳ ಹತ್ತಿರವೂ ಇದೇ ಸರಿ. ಕಾಕ್‌ಪಿಟ್ ಗಾಜಿನ ಅಂಚಿಗೆ ಥಿನ್ನರ್ ಪುಟ್ಟಿ ಹಚ್ಚಿದರೆ ಗಾಜು ಕರಗುತ್ತದೆ, ಸೂಪರ್ ಗ್ಲೂ ಹಾಕಿದರೆ ಅದರ ಆವಿಗೆ ಗಾಜು ಮಂಜಾಗುತ್ತದೆ. ಅಲ್ಲಿ ನೀರಿನ ಪುಟ್ಟಿ, ಇಲ್ಲವೇ ಮರಕ್ಕೆ ಬಳಸುವ ಬಿಳಿ ಅಂಟು. ಬಿಳಿ ಅಂಟು ಒಣಗಿದರೆ ಬಣ್ಣವಿಲ್ಲದೆ ಕಾಣುತ್ತದೆ, ತಪ್ಪಾದರೆ ನೀರಲ್ಲಿ ಒರೆಸಬಹುದು.

ಸೂಪರ್ ಗ್ಲೂ

ಇದನ್ನು ಅಂಟು ಎಂದೇ ತಿಳಿದಿದ್ದೆ. ಇದು ಪುಟ್ಟಿಯೂ ಹೌದು ಎಂದು ತಿಳಿದುಕೊಂಡ ದಿನದಿಂದ ನನ್ನ ವಿಮಾನಗಳ ಬೆನ್ನು ಸರಿಯಾಯಿತು. ಆ ಬೆಳ್ಳಿ ವಿಮಾನವನ್ನೂ ಉಜ್ಜಿ ತೆಗೆದು, ಹಳೆಯ ಪುಟ್ಟಿಯನ್ನು ಸೂಜಿಯಿಂದ ಕೆದಕಿ, ದಪ್ಪ ಸೂಪರ್ ಗ್ಲೂ ತುಂಬಿ ಮತ್ತೆ ಬಣ್ಣ ಹಚ್ಚಿದೆ. ಗೆರೆ ಮತ್ತೆ ಬಂದಿಲ್ಲ.

ಕಾರಣ ಸರಳ. ಇದರಲ್ಲಿ ಹಾರಿಹೋಗುವ ಥಿನ್ನರ್ ಇಲ್ಲ. ಗಾಳಿಯ ತೇವ ತಗುಲಿ ಇಡೀ ಹನಿಯೇ ಪ್ಲಾಸ್ಟಿಕ್ ಆಗಿ ಗಟ್ಟಿಯಾಗುತ್ತದೆ. ಕುಗ್ಗುವುದು ತೀರಾ ಕಡಿಮೆ. ಗ್ಲೂವನ್ನು ಬೇಗ ಗಟ್ಟಿ ಮಾಡುವ ದ್ರವ, ಆಕ್ಸಿಲರೇಟರ್, ತಾಗಿಸಿದರೆ ಕ್ಷಣದಲ್ಲೇ ಉಜ್ಜಲು ಸಿದ್ಧ. ಬೆಳಿಗ್ಗೆ ತುಂಬಿ ಮಧ್ಯಾಹ್ನಕ್ಕೆ ಪ್ರೈಮರ್ ಹೊಡೆಯಬಹುದು.

ಇಲ್ಲಿ ಕಾಲವೇ ಮುಖ್ಯ. ಗಟ್ಟಿಯಾದ ಹೊಸತರಲ್ಲಿ ಸೂಪರ್ ಗ್ಲೂ ಹೆಚ್ಚುಕಡಿಮೆ ಪ್ಲಾಸ್ಟಿಕ್ಕಿನಷ್ಟೇ ಮೆದು. ಗಂಟೆಗಳು ಕಳೆದಂತೆ ಗಡಸಾಗುತ್ತಾ ಹೋಗುತ್ತದೆ. ಮಾರನೇ ದಿನಕ್ಕೆ ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಆಗ ಉಜ್ಜಿದರೆ ಸ್ಯಾಂಡ್‌ಪೇಪರ್ ಮೆದುವಾದ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಗ್ಲೂ ಮಧ್ಯದಲ್ಲಿ ಏಣಾಗಿ ಉಳಿಯುತ್ತದೆ. ಟ್ಯೂಬ್ ಪುಟ್ಟಿಗೆ ಕಾಯದಿದ್ದರೆ ತಪ್ಪು, ಇದಕ್ಕೆ ಕಾದರೆ ತಪ್ಪು. ಒಂದು ಗಂಟೆಯೊಳಗೆ ಉಜ್ಜಿ ಮುಗಿಸಿ. ಅಷ್ಟು ಸಮಯ ಇಲ್ಲದ ದಿನ ಬಾಟಲಿ ತೆಗೆಯಲೇಬೇಡಿ.

ಇದನ್ನು ಮೆದು ಮಾಡಿಕೊಳ್ಳುವ ಉಪಾಯವೂ ಇದೆ. ಸ್ವಲ್ಪ ಟಾಲ್ಕಂ ಪೌಡರ್ ಬೆರೆಸಿ. ಎರಡು ಹನಿ ಗ್ಲೂ, ಚಿಟಿಕೆ ಪೌಡರ್, ಟೂತ್‌ಪಿಕ್ಕಿನಿಂದ ಕಲಸಿದರೆ ಬೆಣ್ಣೆಯ ಹಾಗಾಗುತ್ತದೆ. ನಿಧಾನವಾಗಿ ಗಟ್ಟಿಯಾಗುತ್ತದೆ, ಉಜ್ಜಲು ಹಿತವಾಗಿರುತ್ತದೆ, ಬಿಳಿಯಾಗಿರುವುದರಿಂದ ಕಣ್ಣಿಗೂ ಕಾಣುತ್ತದೆ. ಪೌಡರ್ ಬದಲು ಅಡಿಗೆ ಸೋಡಾ ಬಳಸುವವರೂ ಇದ್ದಾರೆ. ಎರಡೂ ಒಂದೇ ಎಂದುಕೊಳ್ಳಬೇಡಿ. ಸೋಡಾ ಕ್ಷಾರ, ಗ್ಲೂ ತಾಗಿದ ಕೂಡಲೇ ಕಲ್ಲಾಗುತ್ತದೆ. ಒಳಗಡೆ ಕಾಣದ ಜಾಗಕ್ಕೆ, ಬಲ ಬೇಕಾದ ಮೂಲೆಗೆ ಸೋಡಾ ಒಳ್ಳೆಯದು. ಹೊರಗೆ ಉಜ್ಜಿ ನುಣುಪು ಮಾಡಬೇಕಾದ ಕಡೆಗೆ ಪೌಡರೇ ಸರಿ.

ಪ್ಯಾನೆಲ್ ಗೆರೆ ಕೊರೆಯಬೇಕೆಂದರೆ ಇದು ಟ್ಯೂಬ್ ಪುಟ್ಟಿಯನ್ನು ದೂರ ಹಿಂದಕ್ಕೆ ಹಾಕುತ್ತದೆ. ಅದೇ ದಿನ ಕೊರೆದರೆ ಅಂಚು ಚೂಪಾಗಿ ನಿಲ್ಲುತ್ತದೆ. ಗಡಸು ಅಂಟುಪಟ್ಟಿಯೊಂದನ್ನು ದಾರಿಗೆ ಅಂಟಿಸಿ, ಸ್ಕ್ರೈಬರನ್ನು (ಗೆರೆ ಕೊರೆಯುವ ಸೂಜಿ) ಒತ್ತಡವೇ ಇಲ್ಲದ ಹಾಗೆ ನಾಲ್ಕೈದು ಸಲ ಎಳೆಯಿರಿ.

ಇದು ಬೇಡದ ಜಾಗ ಯಾವುದು? ಎಳೆದಾಡುವ, ಬಾಗುವ ಜೋಡಣೆ. ಸೂಪರ್ ಗ್ಲೂ ಪೆಡಸು. ಸಿಮೆಂಟ್ ಬೆಸುಗೆ ಗಟ್ಟಿ ಇಲ್ಲದ ಕಡೆ ಇದನ್ನು ನಂಬಿದರೆ, ಉಜ್ಜುವಾಗ ಒತ್ತಿದ್ದಕ್ಕೇ ಬಿರುಕು ಬಿಡುತ್ತದೆ. ಮೊದಲು ಸಿಮೆಂಟ್ ಒಣಗಲಿ, ಆಮೇಲೆ ಗ್ಲೂ. ಈಗ ರಬ್ಬರ್ ಬೆರೆಸಿದ ಕಪ್ಪು ಸೂಪರ್ ಗ್ಲೂ ಸಿಗುತ್ತದೆ. ಅದಕ್ಕೆ ಪೆಡಸುತನ ಕಡಿಮೆ, ಕಪ್ಪು ಬಣ್ಣದಿಂದ ಎಲ್ಲಿ ತುಂಬಿದೆ ಎಂದು ಎದ್ದು ಕಾಣುತ್ತದೆ. ಬರಿಯ ಗ್ಲೂ ಪಾರದರ್ಶಕವಾದ್ದರಿಂದ ಗುಳಿ ಉಳಿದದ್ದು ಪ್ರೈಮರ್ ತನಕ ಗೊತ್ತಾಗುವುದೇ ಇಲ್ಲ.

ಕರಗಿಸಿದ ಸ್ಪ್ರೂ

ಒಂದು ಸಣ್ಣ ಬಾಟಲಿಯಲ್ಲಿ ತೆಳು ಸಿಮೆಂಟ್ ಹಾಕಿ, ಅದೇ ಕಿಟ್‌ನ ಸ್ಪ್ರೂವನ್ನು ಚೂರು ಮಾಡಿ ತುಂಬಿ. ಒಂದೆರಡು ದಿನಕ್ಕೆ ಜೇನಿನ ಹದಕ್ಕೆ ಬರುತ್ತದೆ. ತಮಿಯಾದ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ಸಿಮೆಂಟ್ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ, ಅದರಲ್ಲಿ ಅಸಿಟೋನ್ ಮತ್ತು ಬ್ಯುಟೈಲ್ ಅಸಿಟೇಟ್ ಇವೆ. ಗಟ್ಟಿಯಾದರೆ ಇನ್ನಷ್ಟು ಸಿಮೆಂಟ್, ನೀರಾದರೆ ಇನ್ನಷ್ಟು ಸ್ಪ್ರೂ.

ತುಂಬಿ ಒಣಗಿದ ಮೇಲೆ ಅದು ಪುಟ್ಟಿ ಅಲ್ಲ, ಕಿಟ್‌ನದೇ ಪ್ಲಾಸ್ಟಿಕ್. ಗಡಸುತನ ಒಂದೇ, ಬಣ್ಣ ಒಂದೇ, ಗೆರೆ ಕೊರೆದರೆ ಸೂಜಿಗೆ ವ್ಯತ್ಯಾಸವೇ ಗೊತ್ತಾಗದು. ಕೊರೆಯುವ ವಿಷಯದಲ್ಲಿ ಸೂಪರ್ ಗ್ಲೂವನ್ನೂ ಮೀರಿಸುತ್ತದೆ.

ಬೆಲೆ ಕೊಡಬೇಕಾದದ್ದು ಸಮಯದಲ್ಲಿ. ಇದು ಎಲ್ಲಕ್ಕಿಂತ ನಿಧಾನ. ಒಂದು ವಾರ ಬಿಡದೆ ಉಜ್ಜಿದರೆ ಕುಗ್ಗುವುದು ಖಂಡಿತ. ತೆಳು ಪ್ಲಾಸ್ಟಿಕ್ ಮೇಲೆ ದಪ್ಪಗೆ ಸುರಿದರೆ ಒಳಗಿರುವ ಸಿಮೆಂಟ್ ಆ ಜಾಗವನ್ನೇ ಮೆತ್ತಗೆ ಮಾಡಿ ಕುಸಿಯುವಂತೆ ಮಾಡುತ್ತದೆ. 1/72ರ ರೆಕ್ಕೆಯ ಹಿಂದಿನ ಅಂಚಿನಂಥ ಕಡೆ ನಾನು ಇದನ್ನು ಹಾಕುವುದಿಲ್ಲ. ಒಟ್ಟಿಗೆ ಎರಡು ಮೂರು ಕಿಟ್ ಕಟ್ಟುವವರಾದರೆ ಒಂದನ್ನು ವಾರಗಟ್ಟಲೆ ಪಕ್ಕಕ್ಕಿಡಬಹುದು, ಅಂಥವರಿಗೆ ಇದು ಬಹಳ ಒಳ್ಳೆಯದು.

ಎರಡು ಕಡ್ಡಿಯ ಎಪಾಕ್ಸಿ

ಮಿಲಿಪುಟ್, ತಮಿಯಾ ಎಪಾಕ್ಸಿ ಪುಟ್ಟಿ. ಎರಡು ಕಡ್ಡಿಗಳಿಂದ ಸಮಸಮ ಕತ್ತರಿಸಿ, ಚಪಾತಿ ಹಿಟ್ಟಿನ ಹಾಗೆ ನಾದಬೇಕು. ಬಣ್ಣದ ಗೆರೆಗಳು ಪೂರ್ತಿ ಮಾಯವಾಗುವ ತನಕ ನಾದಿ. ಅರ್ಧ ಬೆರೆತರೆ ಅಲ್ಲಲ್ಲಿ ಮೆತ್ತಗೆ ಉಳಿಯುತ್ತದೆ. ಮಿಲಿಪುಟ್ ಆದರೆ ಸುಮಾರು ಒಂದು ಗಂಟೆ ಕೈಗೆ ಒಗ್ಗುತ್ತದೆ, ಮೂರು ನಾಲ್ಕು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಬಿಸಿ ಹೆಚ್ಚಿದ್ದರೆ ಇನ್ನೂ ಬೇಗ.

ಇದು ಕುಗ್ಗುವುದಿಲ್ಲ. ಆಳವಾದ ತಗ್ಗು, ರೆಕ್ಕೆಯ ಬುಡದಲ್ಲಿ ಬಾಗಿದ ಫೇರಿಂಗ್ (ಜೋಡಣೆ ಮುಚ್ಚುವ ಹೊದಿಕೆ), ಕಿಟ್‌ನಲ್ಲೇ ಇಲ್ಲದ ಒಂದು ಉಬ್ಬನ್ನು ಮೂಡಿಸುವುದು, ಇಂಥ ಕೆಲಸ ಇದರದ್ದು. ಹಸಿಯಿರುವಾಗ ಒದ್ದೆ ಬೆರಳಿನಿಂದ ಸವರಿದರೆ ಅಂಚು ಕರಗಿದಂತೆ ತೆಳ್ಳಗಾಗುತ್ತದೆ. ಚೆನ್ನಾಗಿ ಸವರಿದರೆ ಉಜ್ಜುವ ಕೆಲಸವೇ ಉಳಿಯುವುದಿಲ್ಲ. ಒಣಗಿದ ಮೇಲೆ ಕಲ್ಲು, ಹಾಗಾಗಿ ಎಲ್ಲ ಸರಿಪಡಿಸುವಿಕೆ ಹಸಿಯಲ್ಲೇ ಮುಗಿಯಬೇಕು. ಜರ್ಮನ್ ಟ್ಯಾಂಕುಗಳ ಮೈಮೇಲೆ 1943-44ರಲ್ಲಿ ಬಳಿಯುತ್ತಿದ್ದ ಜಿಮರಿಟ್ ಎಂಬ ಗೀರುಗೀರಾದ ಲೇಪವನ್ನು ಮಾಡೆಲ್ ಮೇಲೆ ಮೂಡಿಸಲೂ ಇದನ್ನೇ ತೆಳ್ಳಗೆ ಹರಡಿ, ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಸಾಲು ಒತ್ತುತ್ತಾರೆ.

ಆದರೆ ಕೂದಲೆಳೆ ಸಂದಿಗೆ ಇದು ಇಳಿಯುವುದಿಲ್ಲ, ದಪ್ಪ ಜಾಸ್ತಿ. ಕೈಗೆ ಗ್ಲೌಸ್ ಹಾಕಿಕೊಂಡೇ ನಾದಿ. ಹಸಿ ಎಪಾಕ್ಸಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಒಮ್ಮೆ ಅಲರ್ಜಿ ಶುರುವಾದರೆ ಮತ್ತೆ ಮುಟ್ಟಿದಾಗಲೆಲ್ಲ ಕಾಡುತ್ತದೆ.

ರೆಸಿನ್ (ಎರಕ ಹೊಯ್ಯುವ ಬೇರೆ ಜಾತಿಯ ಪ್ಲಾಸ್ಟಿಕ್) ಭಾಗಗಳಿಗೂ ಇಲ್ಲಿಗೇ ಬನ್ನಿ. ಥಿನ್ನರ್ ಪುಟ್ಟಿ ಪಾಲಿಸ್ಟೈರೀನನ್ನು ಕರಗಿಸಿ ಕಚ್ಚುತ್ತದೆಯೇ ಹೊರತು ರೆಸಿನನ್ನಲ್ಲ. ಪ್ಲಾಸ್ಟಿಕ್ ಒಡಲಿಗೆ ರೆಸಿನ್ ಮೂಗು ಸೇರಿಸುವ ಕಡೆ ಸೂಪರ್ ಗ್ಲೂ, ಇಲ್ಲವೇ ಎಪಾಕ್ಸಿ.

ಉಳಿದ ಎರಡರ ಬಗ್ಗೆ ಚುಟುಕಾಗಿ. ಬೆಳಕಿಗೆ ಗಟ್ಟಿಯಾಗುವ ಪುಟ್ಟಿ ನಿಮಿಷಗಳಲ್ಲಿ ಸಿದ್ಧ, ಕುಗ್ಗುವುದು ಕಡಿಮೆ. ಆದರೆ ಬೆಳಕು ಆಳಕ್ಕೆ ಹೋಗದ ಕಾರಣ ತೆಳು ಪದರದಲ್ಲೇ ಹಾಕಬೇಕು. ಮೇಲೆ ಉಳಿಯುವ ಜಿಗುಟನ್ನು ಆಲ್ಕೋಹಾಲಿನಲ್ಲಿ ಒರೆಸಿ ಆಮೇಲೆ ಉಜ್ಜಿ. ಎರಡು ಭಾಗ ಬೆರೆಸುವ ಪಾಲಿಯೆಸ್ಟರ್ ಪುಟ್ಟಿ ದೊಡ್ಡ ಜಾಗಕ್ಕೆ ಬೇಗ ಗಟ್ಟಿಯಾಗುತ್ತದೆ, ಉಜ್ಜಲು ಸುಲಭ. ವಾಸನೆ ಮಾತ್ರ ವಿಪರೀತ, ಸಣ್ಣ ಸೂಜಿರಂಧ್ರಗಳೂ ಉಳಿಯುತ್ತವೆ. ಮನೆಯೊಳಗೆ ಕೂತು ಸಣ್ಣ ಕಿಟ್ ಕಟ್ಟುವವರಿಗೆ ನಾನು ಹೇಳುವುದಿಲ್ಲ.

ಈಗ ನಿಮ್ಮ ಮುಂದಿರುವ ಸಂದಿಗೆ

ಬೆನ್ನಿನ ಉದ್ದದ ಸಂದು, ಮೇಲೆ ಬೆಳ್ಳಿ ಬಣ್ಣ, ಅಡ್ಡಕ್ಕೆ ಪ್ಯಾನೆಲ್ ಗೆರೆಗಳು. ಇದು ಎಲ್ಲಕ್ಕಿಂತ ಕಷ್ಟದ್ದು, ಬೆಳ್ಳಿ ಬಣ್ಣ ಒಂದು ಗೀರನ್ನೂ ಮುಚ್ಚುವುದಿಲ್ಲ. ಪೌಡರ್ ಬೆರೆಸಿದ ಸೂಪರ್ ಗ್ಲೂ ಅಥವಾ ಕಪ್ಪು ಗ್ಲೂ, ಕಾಯುವ ತಾಳ್ಮೆ ಇದ್ದರೆ ಕರಗಿಸಿದ ಸ್ಪ್ರೂ. ಥಿನ್ನರ್ ಪುಟ್ಟಿ ಮತ್ತು ಪ್ಲಾಸ್ಟಿಕ್ ಬಣ್ಣವನ್ನು ಬೇರೆ ಬೇರೆ ರೀತಿ ಹೀರುತ್ತವೆ, ಬೆಳ್ಳಿಯ ಅಡಿಯಲ್ಲಿ ಅದೂ ಪಟ್ಟೆಯಾಗಿ ಕಾಣಬಹುದು.

ಅದೇ ಸಂದು, ಮೇಲೆ ಮಾಸಲು ಹಸಿರು, ಗೆರೆ ಕೊರೆಯುವುದು ಇಲ್ಲ ಎಂದಾದರೆ ಟ್ಯೂಬ್ ಪುಟ್ಟಿಯೇ ಧಾರಾಳ.

ಅಚ್ಚಿನಿಂದ ಕಿಟ್ ಹೊರತಳ್ಳುವ ಪಿನ್ನುಗಳು ಬಿಟ್ಟ ದುಂಡು ಗುಳಿಗಳು ಬಾಗಿಲ ಒಳಮೈಯಲ್ಲಿ, ಚಕ್ರದ ಗೂಡಿನಲ್ಲಿ ಇರುತ್ತವೆ. ಆಳ ಕಡಿಮೆಯಾದರೆ ಎರಡು ತೆಳು ಪದರ ಟ್ಯೂಬ್ ಪುಟ್ಟಿ. ಆಳವಾದರೆ ಪ್ಲಾಸ್ಟಿಕ್ ಹಾಳೆಯಿಂದ ಅಷ್ಟೇ ಅಗಲದ ಬಿಲ್ಲೆ ಕತ್ತರಿಸಿ ಅಂಟಿಸಿ. ಸುತ್ತ ವಿವರಗಳು ತುಂಬಿದ್ದು ಉಜ್ಜಲು ಆಗದು ಎಂದರೆ ನೀರಿನ ಪುಟ್ಟಿ ತುಂಬಿ ಒರೆಸಿ. ಕಟ್ಟಿದ ಮೇಲೆ ಕಾಣದ ಗುಳಿಯಾದರೆ ಬಿಟ್ಟುಬಿಡಿ.

ಯಾವ ಪುಟ್ಟಿಯಾದರೂ ಉಜ್ಜುವುದು ಒಂದೇ ರೀತಿ. 400ರಿಂದ ಶುರು, 600, 800, ಬೆಳ್ಳಿ ಬಣ್ಣಕ್ಕಾದರೆ 1500ರ ತನಕ. ಕಾಗದದ ಹಿಂದೆ ಗಟ್ಟಿಯಾದ ಏನಾದರೂ ಇರಲಿ. ಬರಿ ಬೆರಳಲ್ಲಿ ಒತ್ತಿದರೆ ಮೆದುವಾದ ಪುಟ್ಟಿ ಬೇಗ ಸವೆದು ಸಂದಿನ ಜಾಗ ತೋಡಿದ ಕಾಲುವೆಯ ಹಾಗಾಗುತ್ತದೆ. ಬಾಗಿದ ಒಡಲಿಗೆ ತೆಳು ಸ್ಪಾಂಜಿನ ಕಾಗದ ಒಳ್ಳೆಯದು. ನೀರಿನ ಪುಟ್ಟಿ ಬಿಟ್ಟು ಉಳಿದದ್ದನ್ನೆಲ್ಲ ನೀರು ಹಾಕಿ ಉಜ್ಜಿ. ಧೂಳು ಗಾಳಿಗೆ ಏಳುವುದಿಲ್ಲ, ಕಾಗದವೂ ಕಟ್ಟಿಕೊಳ್ಳುವುದಿಲ್ಲ. ಒಣದಾಗಿ ಉಜ್ಜುವುದಾದರೆ ಮಾಸ್ಕ್ ಹಾಕಿ. ಥಿನ್ನರ್ ಪುಟ್ಟಿ, ಸೂಪರ್ ಗ್ಲೂ ಬಳಸುವಾಗ ಕಿಟಕಿ ತೆರೆದಿರಲಿ.

ಆಮೇಲೆ ಸಂದಿನ ಮೇಲಷ್ಟೇ ಬೂದು ಪ್ರೈಮರ್ ತೆಳ್ಳಗೆ ಹೊಡೆದು, ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಾಣದ ತಗ್ಗು ಓರೆ ಬೆಳಕಿನಲ್ಲಿ ನೆರಳಾಗಿ ಕಾಣುತ್ತದೆ. ಕಂಡ ಕಡೆಗೆ ಸರ್ಫೇಸರ್ 500ರ ಒಂದು ಎಳೆ. ಗೆರೆ ಕೊರೆಯುವ ಜಾಗವಾದರೆ ಮತ್ತೆ ಗ್ಲೂ.

ಶುರುವಿಗೆ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ದಪ್ಪ ಸೂಪರ್ ಗ್ಲೂ ಒಂದು, ನೀರಿನ ಪುಟ್ಟಿ ಒಂದು. ಉಜ್ಜುವ ಜಾಗಕ್ಕೆ ಮೊದಲನೆಯದು, ಉಜ್ಜಲಾಗದ ಜಾಗಕ್ಕೆ ಎರಡನೆಯದು. ಮೂರನೆಯದಾಗಿ ಸರ್ಫೇಸರ್ 500. ಟ್ಯೂಬ್ ಪುಟ್ಟಿ ಅದರ ನಂತರ. ಎಪಾಕ್ಸಿಯನ್ನು ಮಾತ್ರ ಕೆಲಸ ಬಂದಾಗ ಕೊಳ್ಳಿ. ತೆರೆದಿಟ್ಟ ಕಡ್ಡಿಯ ಹೊರಮೈ ದಿನ ಕಳೆದಂತೆ ಸಿಪ್ಪೆಗಟ್ಟುತ್ತದೆ, ಆ ಸಿಪ್ಪೆಯನ್ನು ಕತ್ತರಿಸಿ ತೆಗೆದು ಒಳಗಿನ ಮೆದು ಭಾಗವನ್ನಷ್ಟೇ ಬೆರೆಸಬೇಕು.